ಕರಿ ಪೈಪಿನ ಮೇಲಿನ ಬಂಗಾರದ ಅಕ್ಷರ: ನೀರಿನಲ್ಲಿ ಜಾರುವ ಡೆಕಾಲ್ ಮನೆಯಲ್ಲೇ ಮಾಡುವ ಬಗೆ

ಹಳೆಯ ಸೈಕಲ್ಲಿನ ಕಬ್ಬಿಣಕ್ಕೆ ಆಯಸ್ಸು ಜಾಸ್ತಿ. ಬೇರಿಂಗಿನ ಗುಂಡು ಸವೆದರೆ ಹೊಸದು ಸಿಗುತ್ತದೆ, ಕಡ್ಡಿ ಮುರಿದರೆ ಬೇರೆ ಕಟ್ಟಬಹುದು, ರಿಮ್ಮಿಗೆ ಮತ್ತೆ ಕ್ರೋಮ್ ಹಾಕಿಸಬಹುದು. ಎಲ್ಲಕ್ಕಿಂತ ಮೊದಲು ಅಳಿಯುವುದು ಅದರ ಮೈಮೇಲಿನ ಬರಹ. ಸೀಟಿನ ಪೈಪಿನ ಮೇಲಿನ ಲಾಂಛನ, ಕೆಳಗಿನ ಪೈಪಿನ ಉದ್ದಕ್ಕೂ ಓಡುವ ಹೆಸರು, ಚೈನ್ ಕವರಿನ ಮೇಲೆ ಬಾಗಿ ಬರೆದ ಅಕ್ಷರ, ಹಿಂದಿನ ಮಡ್‌ಗಾರ್ಡಿನ ಮೇಲೆ ಅಂಗಡಿಯವರು ಅಂಟಿಸಿದ ಪುಟ್ಟ ಚೀಟಿ, ಇವೆಲ್ಲ ಪ್ಯಾಂಟು ಉಜ್ಜಿ, ಸೀಮೆಎಣ್ಣೆ ಬಟ್ಟೆಯ ಒರೆತಕ್ಕೆ ಸಿಕ್ಕಿ, ಬಿಸಿಲಿಗೆ ಬಿರಿದು ಉದುರಿಹೋಗುತ್ತವೆ. ಹೋದಮೇಲೆ ಬಿಡಿಭಾಗದ ಅಂಗಡಿಯಲ್ಲಿ ಕೇಳಿ ತರುವ ವಸ್ತುವೂ ಅದಲ್ಲ. ಆಗ ಬಹಳ ಮಂದಿ ರೇಡಿಯಂ ಸ್ಟಿಕ್ಕರ್ ಅಂಗಡಿಗೆ ಹೋಗಿ ವಿನೈಲಿನಲ್ಲಿ ಹೆಸರು ಕತ್ತರಿಸಿಕೊಂಡು ಬರುತ್ತಾರೆ. ದೂರದಿಂದ ಪರವಾಗಿಲ್ಲ. ಬೆರಳಾಡಿಸಿದರೆ ದಪ್ಪ ಅಂಚು ಕೈಗೆ ಸಿಗುತ್ತದೆ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಅಂಚಿನಲ್ಲಿ ಧೂಳು ಕೂತು ಕರಿಗೆರೆ ಎದ್ದಿರುತ್ತದೆ. ಮೂಲ ಬರಹ ಪೇಂಟಿನೊಳಗೇ ಇದ್ದಂತೆ ಕಾಣುತ್ತಿತ್ತು. ಅದನ್ನು ಮರಳಿ ತರಬೇಕಾದರೆ ನೀರಿನಲ್ಲಿ ಅದ್ದಿ ಜಾರಿಸುವ ಡೆಕಾಲ್ ಬೇಕು. ಅದನ್ನು ಮನೆಯಲ್ಲೇ, ಸಾಧಾರಣ ಪ್ರಿಂಟರಿನಲ್ಲಿ ಮಾಡಬಹುದು.

ಹಳೆಯ ಇಂಗ್ಲಿಷ್ ಸೈಕಲ್ ಕಾರ್ಖಾನೆಗಳಲ್ಲಿ ಇದಕ್ಕೆ ಟ್ರಾನ್ಸ್‌ಫರ್ ಎನ್ನುತ್ತಿದ್ದರು. ಅದರಲ್ಲಿ ಎರಡು ಜಾತಿ. ಒಂದು ವಾರ್ನಿಷ್ ಜಾತಿ: ಚಿತ್ರದ ಮೇಲೆ ತೆಳುವಾಗಿ ವಾರ್ನಿಷ್ ಬಳಿದು, ಅದು ಬೆರಳಿಗೆ ಅಂಟುವಷ್ಟು ಆರುವವರೆಗೆ ಕಾದು, ಕವುಚಿ ಒತ್ತಿ, ಆಮೇಲೆ ಹಿಂಬದಿಯ ಕಾಗದವನ್ನು ನೆನೆಸಿ ತೆಗೆಯುವುದು. ಇನ್ನೊಂದು ನೀರಿನ ಜಾತಿ: ಕಾಗದದ ಮೇಲೆ ನೀರಿಗೆ ಕರಗುವ ಗೋಂದು, ಗೋಂದಿನ ಮೇಲೆ ತೆಳು ಪೊರೆ, ಪೊರೆಯ ಮೇಲೆ ಬಣ್ಣ. ನೆನೆಸಿದಾಗ ಗೋಂದು ಕರಗಿ ಪೊರೆ ಕಾಗದದಿಂದ ಜಾರುತ್ತದೆ. ಮನೆಯಲ್ಲಿ ಮಾಡಲು ಬರುವುದು ಈ ಎರಡನೆಯದು. ಇಲ್ಲಿ ಫ್ರೇಮಿನ ಮೇಲೆ ಉಳಿಯುವುದು ಆ ಪೊರೆಯೇ ಹೊರತು ಕಾಗದವಲ್ಲ. ಯಾವ ಪ್ರಿಂಟರ್, ಪ್ರಿಂಟಿನ ಮೇಲೆ ಎಷ್ಟು ಲ್ಯಾಕರ್ (ಬೇಗ ಆರುವ ಪಾರದರ್ಶಕ ಲೇಪ), ಅಡಿಯಲ್ಲಿ ಎಂಥ ಪೇಂಟು, ಕೊನೆಯಲ್ಲಿ ಮೇಲೆ ಹೊಡೆಯುವ ಬಣ್ಣವಿಲ್ಲದ ಕ್ಲಿಯರ್ ಎಂಥದ್ದು ಎನ್ನುವ ಪ್ರಶ್ನೆಗಳೆಲ್ಲ ಕೊನೆಗೆ ಆ ಪೊರೆಗೆ ಏನಾಗುತ್ತದೆ ಎಂಬಲ್ಲಿಗೇ ಬಂದು ನಿಲ್ಲುತ್ತವೆ.

ಕೆಲಸ ಶುರುವಾಗುವುದು ಪೇಂಟು ಕೆರೆಯುವ ಮುಂಚೆ. ಫ್ರೇಮನ್ನು ಸ್ಯಾಂಡ್ ಬ್ಲಾಸ್ಟಿಂಗಿಗೆ ಕೊಟ್ಟು ಬಂದಮೇಲೆ ಅಕ್ಷರ ಎಲ್ಲಿತ್ತು ಎಂದು ಹುಡುಕಿದರೆ ಏನೂ ಉಳಿದಿರುವುದಿಲ್ಲ. ಅರ್ಧಂಬರ್ಧ ಉಳಿದ ಬರಹವನ್ನು ಒದ್ದೆ ಹತ್ತಿಯಿಂದ ಮೆಲ್ಲಗೆ ಒರೆಸಿ. ಥಿನ್ನರ್, ಪೆಟ್ರೋಲ್, ಸ್ಪಿರಿಟ್ ಯಾವುದೂ ಅದರ ಹತ್ತಿರ ಸುಳಿಯಬಾರದು, ಹಳೆಯ ವಾರ್ನಿಷ್ ಎದ್ದು ಬಂದುಬಿಡುತ್ತದೆ. ಬಲ್ಬಿನ ಬೆಳಕನ್ನು ಓರೆಯಾಗಿ ಹಾಯಿಸಿದರೆ ಬಣ್ಣ ಹೋದ ಕಡೆಯೂ ಅಕ್ಷರದ ಅಂಚು ನೆರಳಿನಂತೆ ಕಾಣುವುದುಂಟು. ಬಟರ್ ಪೇಪರನ್ನಾಗಲಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನಾಗಲಿ ಪೈಪಿಗೆ ಬಿಗಿಯಾಗಿ ಸುತ್ತಿ, ಟೇಪು ಹಾಕಿ, ಸಣ್ಣ ಮೊನೆಯ ಮಾರ್ಕರಿನಲ್ಲಿ ಅಂಚು ತೆಗೆಯಿರಿ. ಅದೇ ಹಾಳೆಯ ಮೇಲೆ ಪೈಪಿನ ನಡುಗೆರೆ ಮತ್ತು ಹತ್ತಿರದ ಲಗ್ಗಿನ (ಎರಡು ಪೈಪು ಸೇರುವ ಕಡೆಯ ಲೋಹದ ತೋಳಿನ) ಅಂಚಿನಿಂದ ಎಷ್ಟು ಮಿಲಿಮೀಟರ್ ಎಂಬುದನ್ನು ಬರೆದಿಡಿ. ಅಕ್ಷರ ಎಷ್ಟೇ ಚೆನ್ನಾಗಿ ಬಂದರೂ 8 ಮಿ.ಮೀ. ಮೇಲೆ ಕೂತರೆ ಆ ಸೈಕಲ್ಲನ್ನು ಬಲ್ಲವರ ಕಣ್ಣು ಅಲ್ಲಿಗೇ ಹೋಗುತ್ತದೆ.

ಬರೀ ಫೋಟೋ ನಂಬಿ ಕೆಲಸ ಮಾಡುವವರು ಒಂದು ಲೆಕ್ಕ ತಿಳಿದಿರಬೇಕು. ದುಂಡು ಪೈಪಿನ ಫೋಟೋದಲ್ಲಿ ನಡುವಿನ ಭಾಗ ಸರಿಯಾಗಿರುತ್ತದೆ, ಅಂಚಿಗೆ ಹೋದಂತೆ ಅಕ್ಷರ ಕುಗ್ಗುತ್ತದೆ. ಇಂಥ ಹಳೆಯ ಕಬ್ಬಿಣದ ಸೈಕಲ್ಲುಗಳಲ್ಲಿ ಮೇಲಿನ ಪೈಪು ಸಾಮಾನ್ಯವಾಗಿ 1 ಇಂಚು, ಅಂದರೆ 25.4 ಮಿ.ಮೀ., ಕೆಳಗಿನ ಪೈಪು 1⅛ ಇಂಚು, ಅಂದರೆ 28.6 ಮಿ.ಮೀ. ಆದರೂ ಕ್ಯಾಲಿಪರ್ ಹಿಡಿದು ನೋಡಿಯೇ ಮುಂದುವರಿಯಿರಿ. 28.6ರ ಪೈಪಿನ ಮೇಲೆ ಫೋಟೋದಲ್ಲಿ 20 ಮಿ.ಮೀ. ಅಗಲ ಕಾಣುವ ಲಾಂಛನ, ಬಿಡಿಸಿ ಹಾಸಿದಾಗ ಸುಮಾರು 22 ಮಿ.ಮೀ. ಇರುತ್ತದೆ. ಎರಡು ಮಿಲಿಮೀಟರ್ ಏನು ಮಹಾ ಅನ್ನಿಸಬಹುದು, ಆದರೆ ಗುಂಡಗಿರಬೇಕಾದ ಮುದ್ರೆ ಮೊಟ್ಟೆಯಾಕಾರಕ್ಕೆ ತಿರುಗುವುದು ಇಷ್ಟರಿಂದಲೇ. ಆ ಪೈಪಿನ ಪೂರ್ತಿ ಸುತ್ತಳತೆ ಸುಮಾರು 90 ಮಿ.ಮೀ., 1 ಇಂಚಿನದಕ್ಕೆ 80. ಸುತ್ತಲೂ ಬರುವ ಪಟ್ಟಿಯನ್ನು ಈ ಅಳತೆಗೆ 1 ಮಿ.ಮೀ. ಹೆಚ್ಚಿಟ್ಟು, ಸೇರುವ ಜಾಗ ಹಿಂಬದಿಗೆ ಬರುವಂತೆ ಯೋಜಿಸಿಕೊಳ್ಳಿ.

ತೆಗೆದ ನಕಲನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಇಂಕ್‌ಸ್ಕೇಪಿನಂಥ ಉಚಿತ ತಂತ್ರಾಂಶದಲ್ಲಿ ಗೆರೆಗೆರೆಯಾಗಿ ಮತ್ತೆ ಬರೆಯಬೇಕು. ಹತ್ತಿರದ ಫಾಂಟು ಹುಡುಕಿ ಹೆಸರು ಟೈಪಿಸುವ ಆಸೆ ಬರುತ್ತದೆ, ಅದನ್ನು ತಡೆಯಿರಿ. ಹಳೆಯ ಲಾಂಛನಗಳಲ್ಲಿ ಎಷ್ಟೋ ಅಕ್ಷರಗಳು ಕೈಯಲ್ಲಿ ಬರೆದವು. ಒಂದೇ ಹೆಸರಿನಲ್ಲಿ ಎರಡು ಸಲ ಬರುವ ಅಕ್ಷರದ ಹೊಟ್ಟೆ ಎರಡು ಕಡೆಯೂ ಒಂದೇ ಅಳತೆ ಇರುವುದಿಲ್ಲ, ಆ ಬರಹಕ್ಕೆ ಜೀವ ಇರುವುದು ಅಲ್ಲೇ. ಮಡ್‌ಗಾರ್ಡಿನ ಮೇಲಿನ ಅಂಗಡಿ ಚೀಟಿಯಲ್ಲಿ ಕನ್ನಡವಿದ್ದರೆ ಇನ್ನೂ ಎಚ್ಚರ ಬೇಕು. ಹಳೆಯ ಕೈಬರಹದ ತಲೆಕಟ್ಟು ಇಂದಿನ ಕಂಪ್ಯೂಟರ್ ಫಾಂಟುಗಳ ತಲೆಕಟ್ಟಿನಂತೆ ಬಾಗುವುದಿಲ್ಲ, ಒತ್ತಕ್ಷರ ಕೂರುವ ಎತ್ತರವೂ ಬೇರೆ. ಅಕ್ಷರದ ಎತ್ತರ 3 ಮಿ.ಮೀ. ಆಸುಪಾಸಿಗೆ ಇಳಿದರೆ ಒತ್ತಕ್ಷರದ ಒಳಗಣ್ಣು ಶಾಯಿಯಿಂದ ಮುಚ್ಚಿಹೋಗುತ್ತದೆ. 'ಕ್ಕ', 'ಷ್ಟ', 'ಸ್ಕ' ಇರುವಲ್ಲಿ ಒಳಗಣ್ಣನ್ನು ಕೈಯಿಂದ ಸ್ವಲ್ಪ ಹಿಗ್ಗಿಸಿ, ಯಾವ ಗೆರೆಯೂ 0.3 ಮಿ.ಮೀ.ಗಿಂತ ತೆಳ್ಳಗಾಗದಂತೆ ನೋಡಿಕೊಳ್ಳಿ.

ಡೆಕಾಲ್ ಹಾಳೆಗೆ ಕೈ ಹಾಕುವ ಮುಂಚೆ ಸಾದಾ ಕಾಗದದ ಮೇಲೆ ಪ್ರಿಂಟ್ ತೆಗೆದು, ಕತ್ತರಿಸಿ, ಪೈಪಿಗೆ ಸುತ್ತಿ ನೋಡುವುದು ಕಡ್ಡಾಯ. ಪ್ರಿಂಟರಿನ ಸೆಟ್ಟಿಂಗಿನಲ್ಲಿ ಹಾಳೆಗೆ ಹೊಂದಿಸುವ ಆಯ್ಕೆ ತಾನಾಗಿಯೇ ಆನ್ ಆಗಿರುತ್ತದೆ, ಅದು ಎಲ್ಲವನ್ನೂ ಮೂರು ನಾಲ್ಕು ಶೇಕಡಾ ಕುಗ್ಗಿಸುತ್ತದೆ. ಅಳತೆ 100 ಎಂದು ಕೊಟ್ಟು, ಮೂಲೆಯಲ್ಲಿ 50 ಮಿ.ಮೀ. ಉದ್ದದ ಒಂದು ಗೆರೆ ಎಳೆದಿಟ್ಟು, ಪ್ರಿಂಟಾದ ಮೇಲೆ ಸ್ಕೇಲಿನಲ್ಲಿ ಅಳೆಯಿರಿ. ಕೆಳಗಿನ ಪೈಪಿನ ಉದ್ದ ಹೆಸರು ಎ4 ಹಾಳೆಯ 297 ಮಿ.ಮೀ.ನಲ್ಲಿ ಹಿಡಿಯದಿದ್ದರೆ ಓರೆಯಾಗಿ ಮೂಲೆಯಿಂದ ಮೂಲೆಗೆ ಇಡಿ. ಮೂಲೆ ಅಳತೆ ಸುಮಾರು 364 ಮಿ.ಮೀ. ಇರುವುದರಿಂದ ಅಂಚು ಬಿಟ್ಟರೂ 32 ಸೆಂ.ಮೀ.ನಷ್ಟು ತೆಳು ಪಟ್ಟಿ ಧಾರಾಳವಾಗಿ ಕೂರುತ್ತದೆ.

ಇನ್ನು ಗೋಂದು, ಪೊರೆ ಮೊದಲೇ ಹಚ್ಚಿ ಬರುವ ಡೆಕಾಲ್ ಹಾಳೆ. ಇಂಕ್‌ಜೆಟ್ಟಿಗೆ ಬೇರೆ, ಲೇಸರಿಗೆ ಬೇರೆ. ಇಂಕ್‌ಜೆಟ್ ಹಾಳೆಯನ್ನು ಲೇಸರಿಗೆ ಹಾಕಿದರೆ ಒಳಗಿನ ಬಿಸಿ ರೋಲರಿಗೆ ಪೊರೆ ಕರಗಿ ಸುತ್ತಿಕೊಂಡು ಪ್ರಿಂಟರೇ ಹಾಳಾಗುತ್ತದೆ. ಜೆರಾಕ್ಸ್ ಅಂಗಡಿಗೆ ಹಾಳೆ ಒಯ್ಯುವವರು ಪ್ಯಾಕೆಟ್ಟನ್ನೂ ಒಯ್ದು ತೋರಿಸಿ, ಒಪ್ಪಿದರೆ ಮಾತ್ರ ಮಾಡಿಸಿ. ಹಾಳೆಯನ್ನು ಒಂದೊಂದಾಗಿ, ಕೈಯಿಂದ ಕೊಡುವ ಟ್ರೇಯಲ್ಲಿ, ದಪ್ಪ ಕಾಗದದ ಸೆಟ್ಟಿಂಗಿನಲ್ಲಿ ಬಿಡಬೇಕು. ಹೊಳೆಯುವ ಮುಖದ ಮೇಲೆ ಬೆರಳು ತಾಗಿದರೆ ಆ ಎಣ್ಣೆ ಗುರುತಿನ ಮೇಲೆ ಶಾಯಿ ಹಿಡಿಯುವುದಿಲ್ಲ, ಆದ್ದರಿಂದ ಅಂಚಿನಲ್ಲೇ ಹಿಡಿಯಿರಿ. ಗೋಂದು ತೇವ ಹೀರುವ ವಸ್ತು. ಮಲೆನಾಡು, ಕರಾವಳಿಯ ಜೂನ್ ಜುಲೈನಲ್ಲಿ ತೆರೆದಿಟ್ಟ ಹಾಳೆ ಒಂದೇ ವಾರದಲ್ಲಿ ಸುರುಳಿ ಸುತ್ತುತ್ತದೆ. ಜಿಪ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮಟ್ಟಸವಾಗಿ ಇಟ್ಟರೆ ಬಹಳ ಕಾಲ ಬಾಳುತ್ತದೆ.

ಲೇಸರಿನ ಪುಡಿ ಶಾಯಿ, ಅಂದರೆ ಟೋನರ್, ನೀರಿಗೆ ಕರಗುವುದಿಲ್ಲ, ಕಪ್ಪು ಗಾಢವಾಗಿ ಬರುತ್ತದೆ, ಸಣ್ಣ ಅಕ್ಷರ ಚೂಪಾಗಿರುತ್ತದೆ. ಆದರೆ ಚಿಕ್ಕ ಪೈಪಿಗೆ ಬಗ್ಗಿಸುವಾಗ ದಟ್ಟ ಟೋನರ್ ಬಿರಿಯುವುದುಂಟು. ಇಂಕ್‌ಜೆಟ್ಟಿನಲ್ಲಿ ಬಣ್ಣದ ಏರಿಳಿತ ನುಣುಪಾಗಿ ಬರುತ್ತದೆ, ಆದರೆ ಶಾಯಿ ನೀರಿಗೆ ಕರಗುತ್ತದೆ, ಹಾಗಾಗಿ ಲ್ಯಾಕರಿನಿಂದ ಮುಚ್ಚದೆ ನೀರಿಗಿಳಿಸುವಂತಿಲ್ಲ. ಡೈ ಶಾಯಿಗಿಂತ ಪಿಗ್ಮೆಂಟ್ ಶಾಯಿ ಬಿಸಿಲಿಗೆ ಹೆಚ್ಚು ತಡೆಯುತ್ತದೆ. ಹೊರಗೆ ಓಡಿಸುವ ಸೈಕಲ್ಲಿಗೆ ಇದು ದೊಡ್ಡ ವ್ಯತ್ಯಾಸ.

ಎಲ್ಲರೂ ಎಡವುವ ಜಾಗ ಬಿಳಿ ಮತ್ತು ಬಂಗಾರ. ಸಾಮಾನ್ಯ ಪ್ರಿಂಟರಿನಲ್ಲಿ ಬಿಳಿ ಶಾಯಿಯೇ ಇರುವುದಿಲ್ಲ. ಬಿಳಿ ಎಂದರೆ ಅದು ಕಾಗದವನ್ನು ಹಾಗೇ ಬಿಟ್ಟ ಜಾಗ. ಪಾರದರ್ಶಕ ಡೆಕಾಲಿನ ಮೇಲೆ ಹಳದಿ ಅಕ್ಷರ ಪ್ರಿಂಟ್ ಮಾಡಿ ಕಪ್ಪು ಫ್ರೇಮಿನ ಮೇಲೆ ಜಾರಿಸಿದರೆ ಆ ಹಳದಿ ಕಣ್ಮರೆಯಾಗುತ್ತದೆ, ಏಕೆಂದರೆ ಶಾಯಿಯ ಪದರ ಬಣ್ಣದ ಗಾಜಿನಂತೆ, ಹಿಂದೆ ಬೆಳಕು ಬೇಕು. ನಮ್ಮ ರಸ್ತೆಗಳ ಹಳೆಯ ಸೈಕಲ್ಲುಗಳೆಲ್ಲ ಬಹುಮಟ್ಟಿಗೆ ಕಪ್ಪು, ಮೇಲೆ ಬಂಗಾರದ ಬರಹ. ಹೀಗಾಗಿ ಈ ತೊಡಕು ಎಲ್ಲರ ಬಾಗಿಲಿಗೂ ಬರುತ್ತದೆ.

ದಾರಿಗಳು ಹಲವು. ಮುದ್ರೆಗೆ ಅಂಚುಗೆರೆಯಿದ್ದು, ಒಳಗೆಲ್ಲ ಬಣ್ಣ ತುಂಬಿದ್ದರೆ ಬಿಳಿ ಡೆಕಾಲ್ ಹಾಳೆ ಒಳ್ಳೆಯದು. ಅಂಚಿನ ಗುಂಟ ಹೊಸ ಬ್ಲೇಡಿನಿಂದ ಕತ್ತರಿಸಿ, ಕತ್ತರಿಸಿದ ಕಡೆ ಕಾಣುವ ಬಿಳಿ ಎಳೆಗೆ ಜಾರಿಸಿ ಒಣಗಿದ ಮೇಲೆ 00 ನಂಬರ್ ಬ್ರಷ್ಷಿನಲ್ಲಿ ಫ್ರೇಮಿನ ಬಣ್ಣ ತಾಗಿಸಬೇಕು. ಬಿಡಿ ಅಕ್ಷರಗಳಿಗೆ ಎರಡು ಪದರದ ವಿಧಾನವಿದೆ. ಮೊದಲು ಬಿಳಿ ಹಾಳೆಯಲ್ಲಿ ಆಕಾರವನ್ನು ಸುತ್ತಲೂ 0.2 ಮಿ.ಮೀ. ಚಿಕ್ಕದಾಗಿ ಕತ್ತರಿಸಿ ಅಂಟಿಸಿ, ಒಂದು ದಿನ ಆರಿಸಿ, ಅದರ ಮೇಲೆ ಪಾರದರ್ಶಕ ಹಾಳೆಯ ಬಣ್ಣದ ಪ್ರಿಂಟ್ ಕೂರಿಸುವುದು. ದೊಡ್ಡ ಅಕ್ಷರಕ್ಕೆ ಇದು ನಡೆಯುತ್ತದೆ, 5 ಮಿ.ಮೀ.ಗಿಂತ ಸಣ್ಣದಕ್ಕೆ ಕೈ ಸಾಲದು.

ಬಂಗಾರಕ್ಕೆ ಬಂದರೆ, ಪ್ರಿಂಟರ್ ಕೊಡುವ ಬಂಗಾರ ನಿಜಕ್ಕೂ ಸಾಸಿವೆ ಬಣ್ಣ. ಬೆಳಕು ಬಿದ್ದಾಗ ಮಿನುಗುವುದಿಲ್ಲ. ಅದಕ್ಕೆ ಬಹಳ ಸರಳವಾದ ಉಪಾಯವೊಂದಿದೆ, ಬರಹ ಕಪ್ಪು ಪೈಪಿನ ಮೇಲಿದ್ದರೆ ಅದು ಸೊಗಸಾಗಿ ಕೂರುತ್ತದೆ. ಮಾಸ್ಕಿಂಗ್ ಟೇಪ್ ಹಾಕಿ ಬರಹ ಬರುವ ಜಾಗಕ್ಕಷ್ಟೇ ಬಂಗಾರದ ಪೇಂಟು ಹೊಡೆಯಿರಿ. ಪಾರದರ್ಶಕ ಲೇಸರ್ ಹಾಳೆಯ ಮೇಲೆ ಅಕ್ಷರಗಳನ್ನು ಖಾಲಿ ಬಿಟ್ಟು ಸುತ್ತಲಿನ ಜಾಗವನ್ನೆಲ್ಲ ಕಪ್ಪಾಗಿ ಪ್ರಿಂಟ್ ಮಾಡಿ. ಆ ಕಪ್ಪು ಪಟ್ಟಿ ಬಂಗಾರದ ಪಟ್ಟಿಗಿಂತ ಎಲ್ಲ ಕಡೆ 2 ಮಿ.ಮೀ. ದೊಡ್ಡದಿರಲಿ. ಜಾರಿಸಿ ಕೂರಿಸಿದಾಗ ಖಾಲಿ ಬಿಟ್ಟ ಅಕ್ಷರಗಳ ಮೂಲಕ ಅಡಿಯ ನಿಜವಾದ ಬಂಗಾರ ಕಾಣುತ್ತದೆ. ಟೋನರಿನ ಕಪ್ಪೂ ಫ್ರೇಮಿನ ಕಪ್ಪೂ ಒಂದೇ ಆಗಿರುವುದಿಲ್ಲ, ಆದರೆ ಮೇಲೆ ಕ್ಲಿಯರ್ ಬಿದ್ದ ಮೇಲೆ ಹೊಳಪು ಒಂದಾಗಿ ಆ ಭೇದ ಬಹುತೇಕ ಅಡಗುತ್ತದೆ. ಟೋನರ್ ತೆಳುವಾಗಿ ಬಿದ್ದಿದ್ದರೆ ಕಪ್ಪಿನಡಿ ಬಂಗಾರ ಕಂದಾಗಿ ಇಣುಕುತ್ತದೆ. ಹಾಗಾಗಿ ಪ್ರಿಂಟಾದ ಹಾಳೆಯನ್ನು ಮೊದಲು ಬೆಳಕಿಗೆ ಹಿಡಿದು ಸೂಜಿಮೊನೆಯಂಥ ರಂಧ್ರಗಳಿವೆಯೇ ನೋಡಿ.

ಮತ್ತೊಂದು ದಾರಿ ಫಾಯಿಲ್. ಪಾರದರ್ಶಕ ಹಾಳೆಯ ಮೇಲೆ ಅಕ್ಷರವನ್ನು ಲೇಸರಿನಲ್ಲಿ ದಟ್ಟ ಕಪ್ಪಾಗಿ ತೆಗೆದು, ಮೇಲೆ ಟೋನರಿಗೆ ಹಿಡಿಯುವ ಬಂಗಾರದ ಫಾಯಿಲನ್ನು ಹೊಳೆಯುವ ಮುಖ ಮೇಲಾಗಿ ಹಾಸಿ, ಸಾದಾ ಕಾಗದದ ನಡುವೆ ಇಟ್ಟು ಬಿಸಿ ಲ್ಯಾಮಿನೇಟರಿನಲ್ಲಿ ಬಿಡುವುದು. ಪೂರ್ತಿ ತಣಿದ ಮೇಲೆ ಸುಲಿದರೆ ಟೋನರ್ ಇದ್ದಲ್ಲಿ ಮಾತ್ರ ಬಂಗಾರ ಉಳಿಯುತ್ತದೆ. ಖಾಲಿ ಜಾಗಕ್ಕೂ ಫಾಯಿಲ್ ಹಿಡಿದರೆ ಬಿಸಿ ಹೆಚ್ಚಾಗಿ ಪೊರೆಯೇ ಮೆತ್ತಗಾಗಿದೆ ಎಂದು ತಿಳಿಯಿರಿ. ಅಕ್ಷರದ ಮೇಲೂ ಚುಕ್ಕೆಚುಕ್ಕೆಯಾಗಿ ಹಿಡಿದರೆ ಬಿಸಿ ಸಾಲದು, ಇಲ್ಲವೇ ಆ ಟೋನರಿಗೆ ಆ ಫಾಯಿಲ್ ಒಗ್ಗದು. ಮದುವೆ ಕಾರ್ಡಿನ ಅಚ್ಚಿಗೆ ಬಳಸುವ ಹಾಟ್ ಸ್ಟಾಂಪಿಂಗ್ ಫಾಯಿಲ್ ಬೇರೆ, ಅದನ್ನು ಕೊಂಡು ತಂದು ನಿರಾಶರಾಗಬೇಡಿ. ಆದರೆ ಅದೇ ಮದುವೆ ಕಾರ್ಡಿನವರು ಇನ್ನೊಂದು ರೀತಿಯಲ್ಲಿ ನೆರವಾಗಬಲ್ಲರು. ಬೆಂಗಳೂರಿನ ಸುಲ್ತಾನ್‌ಪೇಟೆ, ಚಿಕ್ಕಪೇಟೆಯ ಕಡೆ ಹೋದರೆ ಬಂಗಾರದ ಶಾಯಿಯಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಮಾಡುವ ಕೈಗಳಿವೆ. ಒಂದೇ ಮಾದರಿಯ ಹತ್ತು ಇಪ್ಪತ್ತು ಜೊತೆ ಬೇಕಿದ್ದರೆ ಸ್ಕ್ರೀನು ಮಾಡಿಸಿ ಡೆಕಾಲ್ ಹಾಳೆಯ ಮೇಲೇ ಹೊಡೆಸುವುದು ಎಲ್ಲಕ್ಕಿಂತ ಮೇಲು. ಶಾಯಿ ದಟ್ಟ, ಮಿನುಗು ನಿಜ. ಆ ಶಾಯಿಯ ಥಿನ್ನರ್ ಪೊರೆಯನ್ನು ತಿನ್ನುತ್ತದೆಯೇ ಎಂದು ಮೂಲೆಯ ತುಂಡಿನಲ್ಲಿ ಮೊದಲು ಪರೀಕ್ಷಿಸಿ.

ಫ್ರೇಮಿನ ಗುಂಟ ಎಳೆದ ಬಂಗಾರದ ಗೆರೆಗಳನ್ನು ಮಾತ್ರ ಡೆಕಾಲಿನಲ್ಲಿ ಮಾಡಲು ಹೋಗಬಾರದು. 1 ಮಿ.ಮೀ. ಅಗಲದ ಪೊರೆ ನೀರಿನಲ್ಲಿ ದಾರದಂತೆ ಸಿಕ್ಕುಸಿಕ್ಕಾಗುತ್ತದೆ. ಅದು ಉದ್ದ ಕೂದಲಿನ ಬ್ರಷ್ಷಿನಲ್ಲಿ, ಎನಾಮೆಲಿನಲ್ಲಿ, ಕೈಯಿಂದಲೇ ಎಳೆಯುವ ಕೆಲಸ.

ಪ್ರಿಂಟ್ ಆದ ಹಾಳೆಯನ್ನು ಇಂಕ್‌ಜೆಟ್ ಆದರೆ ಒಂದು ರಾತ್ರಿ ಧೂಳಿಲ್ಲದ ಕಡೆ ಆರಲು ಬಿಡಿ. ಆಮೇಲೆ ಅಕ್ರಿಲಿಕ್ ಕ್ಲಿಯರ್ ಲ್ಯಾಕರ್ ಸ್ಪ್ರೇ. 25ರಿಂದ 30 ಸೆಂ.ಮೀ. ದೂರದಿಂದ ಮೊದಲ ಕೋಟು ಬರೀ ಹಿಮದಂತೆ ಬೀಳಬೇಕು, ಒದ್ದೆಯಾಗಿ ಹೊಳೆಯಬಾರದು. ಮೊದಲ ಕೋಟೇ ದಪ್ಪವಾದರೆ ಥಿನ್ನರಿಗೆ ಶಾಯಿ ಹರಡಿ ಅಕ್ಷರದ ಅಂಚಿಗೆ ಮೀಸೆ ಬರುತ್ತದೆ. 15 ನಿಮಿಷ ಬಿಟ್ಟು ಎರಡನೆಯದು, ಮತ್ತೆ 15 ನಿಮಿಷಕ್ಕೆ ಮೂರನೆಯದು ಸ್ವಲ್ಪ ತುಂಬಾಗಿ. ಒಂದು ಪೂರ್ತಿ ದಿನ ಆರಬೇಕು. ಲೇಸರಿಗೆ ಒಂದೆರಡು ಕೋಟು ಸಾಕು. ಅದು ಟೋನರ್ ಬಿರಿಯದಂತೆ ಹಿಡಿದಿಡಲು. ಹೆಚ್ಚು ಕೋಟು ಹೊಡೆದಷ್ಟೂ ಗಟ್ಟಿ ಎಂದುಕೊಳ್ಳುವುದು ತಪ್ಪು: ದಪ್ಪ ಪೊರೆ ಪೈಪಿಗೆ ಬಗ್ಗದೆ ಅಂಚು ಎತ್ತುತ್ತದೆ. ಕಾರಿಗೆ ಹೊಡೆಯುವ ಹಾರ್ಡ್‌ನರ್ ಕೂಡಿದ 2ಕೆ ಕ್ಲಿಯರನ್ನು ಈ ಹಂತದಲ್ಲಿ ಬಳಸಬಾರದು, ಅದು ಗಟ್ಟಿಯಾಗಿ ಸೆಟೆಯುತ್ತದೆ.

ಮಳೆಗಾಲದ ತೇವದ ಗಾಳಿಯಲ್ಲಿ ಲ್ಯಾಕರ್ ಹೊಡೆದರೆ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಥಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರು ಅದರ ಮೇಲೆ ಕೂರುವುದರಿಂದ ಹೀಗೆ. ಮಳೆ ಬಿಟ್ಟ ಮಧ್ಯಾಹ್ನ, ಹಾಳೆಯನ್ನು ಬಿಸಿಲಿನಲ್ಲಿ ಐದು ನಿಮಿಷ ಬೆಚ್ಚಗೆ ಮಾಡಿಕೊಂಡು ಹೊಡೆದರೆ ಸಮಸ್ಯೆ ಬಹಳ ಕಡಿಮೆ. ಆರಿದ ಮೇಲೆ ಬೇಡದ ಮೂಲೆಯೊಂದನ್ನು ಕತ್ತರಿಸಿ ನೀರಿಗೆ ಹಾಕಿ ನೋಡಿ. ನೀರಿಗೆ ಬಣ್ಣ ಬಿಟ್ಟರೆ ಇನ್ನೊಂದು ಕೋಟು. ಪೊರೆ ಜಾರುವಾಗ ಚೂರಾದರೆ ಅದಕ್ಕೂ ಇನ್ನೊಂದು ಕೋಟು. ಕತ್ತರಿಸುವಾಗ ಶಾಯಿಯ ಅಂಚಿನಿಂದ 1 ಮಿ.ಮೀ. ಹೊರಗೆ ಕತ್ತರಿಸಿ. ಶಾಯಿಯ ಮೇಲೇ ಬ್ಲೇಡು ಹಾಯ್ದರೆ ಆ ಸೀಳಿನಿಂದ ನೀರು ಒಳಗೆ ಹೀರಿ ಬಣ್ಣ ಹಬ್ಬುತ್ತದೆ. ಬಿಳಿ ಹಾಳೆಯಲ್ಲಿ ಅಂಚಿಗೇ ಕತ್ತರಿಸಬೇಕಾಗಿ ಬಂದಾಗ ಕತ್ತರಿಸಿದ ಮೇಲೆ ಆ ಅಂಚಿಗೆ ಬ್ರಷ್ಷಿನಿಂದ ಲ್ಯಾಕರ್ ತಾಗಿಸಿ ಆರಿಸಿಕೊಳ್ಳಿ.

ಅಡಿಯ ಪೇಂಟು ಹೊಳೆಯಬೇಕು. ಮ್ಯಾಟ್ ಮೇಲ್ಮೈಯನ್ನು ಹತ್ತಿರದಿಂದ ನೋಡಿದರೆ ಅದು ಸಣ್ಣ ಗುಡ್ಡ ಕಣಿವೆಗಳ ಮೈ. ಪೊರೆ ಗುಡ್ಡದಿಂದ ಗುಡ್ಡಕ್ಕೆ ಚಪ್ಪರದಂತೆ ಹರಡಿಕೊಂಡು ಕಣಿವೆಗಳಲ್ಲಿ ಗಾಳಿ ಉಳಿಯುತ್ತದೆ. ಆ ಗಾಳಿ ಬೆಳಕನ್ನು ಚದುರಿಸಿ, ಅಕ್ಷರದ ಸುತ್ತ ಬೂದಿ ಬಳಿದಂಥ ಬಿಳಿಚು ಕಾಣುತ್ತದೆ. ಮಾಡೆಲ್ ಕಟ್ಟುವವರು ಇದನ್ನೇ ಸಿಲ್ವರಿಂಗ್ ಎನ್ನುವುದು. ಪೌಡರ್ ಕೋಟಿಂಗ್ ಮಾಡಿಸಿದ ಫ್ರೇಮಿನಲ್ಲಿ ಕಿತ್ತಳೆ ಸಿಪ್ಪೆಯಂಥ ಮೈ ಇರುತ್ತದೆ. ಬರಹ ಬರುವ ಜಾಗವನ್ನು 1500, ಆಮೇಲೆ 2000 ನಂಬರಿನ ವಾಟರ್ ಪೇಪರಿನಲ್ಲಿ ಮಟ್ಟ ಮಾಡಿ, ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿ ಹೊಳಪು ತಂದು, ಸೋಪು ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಮೇಣ, ಸಿಲಿಕೋನ್ ಪಾಲಿಶ್ ಹತ್ತಿರ ತರಬೇಡಿ. ಸಿಂಥೆಟಿಕ್ ಎನಾಮೆಲ್ ಬಳಿದಿದ್ದರೆ ಕನಿಷ್ಠ ಒಂದು ವಾರ, ಸಾಧ್ಯವಾದರೆ ಎರಡು ವಾರ ಕಾಯಿರಿ. ಮುಟ್ಟಿದರೆ ಒಣಗಿದಂತೆ ಕಂಡರೂ ಒಳಗೆ ಇನ್ನೂ ಹಸಿ ಇರುತ್ತದೆ.

ಜಾರಿಸುವ ದಿನ ನೀರಿನ ಬಗ್ಗೆ ಯೋಚಿಸುವವರು ಕಡಿಮೆ. ಬೋರ್‌ವೆಲ್ ನೀರು ಬಳಸಿದರೆ ಅದು ಆರಿದ ಮೇಲೆ ಪೊರೆಯಡಿ ಸುಣ್ಣದ ಚುಕ್ಕೆ ಉಳಿದು ಎಂದಿಗೂ ಹೋಗುವುದಿಲ್ಲ. ಫಿಲ್ಟರ್ ನೀರೋ ಹಿಡಿದಿಟ್ಟ ಮಳೆನೀರೋ ಇರಲಿ, ಉಗುರುಬೆಚ್ಚಗಿರಲಿ. ಅಗಲ ತಟ್ಟೆ, ಮೆತ್ತನೆ ಬ್ರಷ್ಷು, ಬನಿಯನ್ ಬಟ್ಟೆಯ ತುಂಡು, ಚೂಪು ಸೂಜಿ ಕೈಗೆಟುಕುವಂತೆ ಇಟ್ಟುಕೊಳ್ಳಿ. ಪೈಪಿನ ಮೇಲೆ ಮಾಸ್ಕಿಂಗ್ ಟೇಪಿನಿಂದ ನಡುಗೆರೆಯನ್ನೂ ಎರಡು ತುದಿಯ ಮಿತಿಯನ್ನೂ ಗುರುತು ಮಾಡಿ. ಫ್ರೇಮನ್ನು ಅಲುಗದಂತೆ ಅಡ್ಡ ಮಲಗಿಸಿ, ಬರಹದ ಮುಖ ಮೇಲಿರಲಿ.

ಡೆಕಾಲನ್ನು ನೀರಿಗೆ ಬಿಟ್ಟ ಕೂಡಲೇ ಸುರುಳಿ ಸುತ್ತುತ್ತದೆ, ಗಾಬರಿ ಬೇಡ. ಅದು ತಾನೇ ಬಿಚ್ಚಿಕೊಳ್ಳಲು 30 ಸೆಕೆಂಡಿನಷ್ಟು ಹಿಡಿಯುತ್ತದೆ. ಬಿಚ್ಚಿಕೊಂಡೊಡನೆ ಹೊರತೆಗೆದು ಒಣ ತಟ್ಟೆಯ ಮೇಲೆ ಒಂದು ನಿಮಿಷ ಇಡಿ, ಒಳಗಿನ ತೇವವೇ ಗೋಂದನ್ನು ಸಡಿಲಿಸುತ್ತದೆ. ನೀರಿನಲ್ಲೇ ತೇಲಿಬರುವವರೆಗೆ ಬಿಟ್ಟರೆ ಅಂಟಬೇಕಾದ ಗೋಂದೆಲ್ಲ ನೀರುಪಾಲು. ಹೆಬ್ಬೆರಳಿನಿಂದ ಮೂಲೆಯನ್ನು ಮೆಲ್ಲಗೆ ತಳ್ಳಿ ನೋಡಿ. ಸರಿದರೆ ಹೊತ್ತು ಬಂತು, ಸರಿಯದಿದ್ದರೆ ಇನ್ನರ್ಧ ನಿಮಿಷ. ಈಗ ಪೈಪಿನ ಮೇಲೆ ಬ್ರಷ್ಷಿನಿಂದ ಧಾರಾಳ ನೀರು ಹಚ್ಚಿ, ಕಾಗದದ ಸಮೇತ ಡೆಕಾಲನ್ನು ಜಾಗಕ್ಕೆ ತಂದು, ಪೊರೆಯನ್ನು ಒಂದು ಬೆರಳಲ್ಲಿ ತಡೆದು ಅಡಿಯಿಂದ ಕಾಗದವನ್ನು ಎಳೆಯಿರಿ. ಪೊರೆಯನ್ನು ಎತ್ತಿ ಒಯ್ಯಬಾರದು, ಎತ್ತಿದರೆ ಜೋಲುತ್ತದೆ, ಜೋತರೆ ಮಡಚಿಕೊಳ್ಳುತ್ತದೆ. ಮಡಚಿಯೇ ಬಿಟ್ಟರೆ ಎಳೆಯದೆ, ಮತ್ತೆ ತಟ್ಟೆಯ ನೀರಿಗೆ ಬಿಡಿ, ನೀರೇ ಬಿಡಿಸುತ್ತದೆ. ಕೆಳಗಿನ ಪೈಪಿನ 30 ಸೆಂ.ಮೀ. ಹೆಸರನ್ನು ಒಂದೇ ತುಂಡಾಗಿ ಜಾರಿಸಲು ನಾಲ್ಕು ಕೈ ಬೇಕು. ಒಬ್ಬರೇ ಇದ್ದರೆ ಅಕ್ಷರಗಳ ನಡುವಿನ ಖಾಲಿ ಜಾಗದಲ್ಲಿ ಕತ್ತರಿಸಿ ಎರಡು ಮೂರು ತುಂಡಾಗಿ ಕೂರಿಸುವುದು ಜಾಣತನ.

ಜಾಗ ಸರಿಯಾದ ಮೇಲೆ ಒದ್ದೆ ಬನಿಯನ್ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೀರನ್ನು ದೂಡಿ. ಒತ್ತಡ ಕಣ್ಣೀರು ಒರೆಸುವಷ್ಟೇ ಇರಲಿ. ಗುಳ್ಳೆ ಉಳಿದರೆ ಸೂಜಿಯಿಂದ ಚುಚ್ಚಿ, ಒಂದು ಹನಿ ನೀರು ಹಾಕಿ, ಮತ್ತೆ ಒತ್ತಿ. ಲಗ್ಗಿನ ಅಂಚಿನಂಥ ಏರುತಗ್ಗಿಗೆ ಮೈಕ್ರೋ ಸಾಲ್‌ನಂಥ ಮೆತ್ತಗಾಗಿಸುವ ದ್ರಾವಣ ಕೆಲಸಕ್ಕೆ ಬರುತ್ತದೆ, ಆದರೆ ಮನೆಯಲ್ಲಿ ಮಾಡಿದ ಪೊರೆಯನ್ನು ಅದು ಕೆಲವೊಮ್ಮೆ ಕರಗಿಸಿಬಿಡುವುದರಿಂದ ಬೇಡದ ತುಂಡಿನ ಮೇಲೆ ಮೊದಲು ನೋಡಿ. ಚೈನ್ ಕವರಿನ ಚಪ್ಪಟೆ ಮೈಗೆ ಇದು ಯಾವುದೂ ಬೇಕಿಲ್ಲ. ಮಡ್‌ಗಾರ್ಡು ಮಾತ್ರ ಎರಡು ದಿಕ್ಕಿಗೆ ಬಾಗಿರುತ್ತದೆ, ಅಲ್ಲಿ ಪೊರೆ ಎಷ್ಟು ಸವರಿದರೂ ಅಂಚಿನಲ್ಲಿ ನೆರಿಗೆ ಹಿಡಿಯುತ್ತದೆ. ಬರಹವಿಲ್ಲದ ಕಡೆ ಅಂಚಿನಿಂದ ಒಳಕ್ಕೆ 2 ಮಿ.ಮೀ. ಸಣ್ಣ ಸೀಳು ಕೊಟ್ಟರೆ ಅವು ಒಂದರ ಮೇಲೊಂದು ಕೂತು ನೆರಿಗೆ ಮಾಯವಾಗುತ್ತದೆ.

ಹಳೆಯ ಗಾಳಿ ಪಂಪಿನ ವಿಷಯ ಬೇರೆಯೇ ಹೇಳಬೇಕು. ಅವುಗಳಲ್ಲಿ ಎಷ್ಟೋ ಸೆಲ್ಯುಲಾಯ್ಡ್ ಎಂಬ ಹಳೆಯ ಪ್ಲಾಸ್ಟಿಕ್ಕಿನವು. ಲ್ಯಾಕರಿನ ಥಿನ್ನರಿನಲ್ಲಿರುವ ಅಸಿಟೋನ್ ಸೆಲ್ಯುಲಾಯ್ಡನ್ನೇ ಕರಗಿಸುತ್ತದೆ. ಸ್ಪ್ರೇ ಬಿದ್ದ ಕೆಲವೇ ಕ್ಷಣಗಳಲ್ಲಿ ನುಣುಪು ಮೈ ಜೇನಿನಂತೆ ಅಂಟಂಟಾಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಪಂಪಿನ ಡೆಕಾಲಿಗೆ ಹಾಳೆಯ ಮೇಲೆಯೇ ಲ್ಯಾಕರ್ ಹೊಡೆದು ಪೂರ್ತಿ ಆರಿಸಿ, ಅಂಟಿಸಿದ ಮೇಲೆ ನೀರಿನ ಅಕ್ರಿಲಿಕ್ ವಾರ್ನಿಷನ್ನು ಬ್ರಷ್ಷಿನಿಂದ ತೆಳುವಾಗಿ ಬಳಿಯಿರಿ.

ಅಂಟಿಸಿದ ಡೆಕಾಲ್ 24 ಗಂಟೆ, ಮಳೆಗಾಲದಲ್ಲಿ 48 ಗಂಟೆ ಮುಟ್ಟದೆ ಆರಬೇಕು. ಆಮೇಲೆ ಹಿಂಡಿದ ಒದ್ದೆ ಬಟ್ಟೆಯಿಂದ ಸುತ್ತಲಿನ ಗೋಂದಿನ ಕಲೆಯನ್ನು ಒರೆಸಲೇಬೇಕು. ಅದನ್ನು ಬಿಟ್ಟರೆ ಕ್ಲಿಯರಿನಡಿ ಚಹಾ ಕಲೆಯಂತೆ ಹಳದಿಗಟ್ಟುತ್ತದೆ, ಕ್ಲಿಯರೂ ಅಲ್ಲಿ ಹಿಡಿಯುವುದಿಲ್ಲ. ಕ್ಲಿಯರ್ ಹೊಡೆಯುವಾಗ ಮೊದಲ ಎರಡು ಮೂರು ಕೋಟು ಒಣಒಣವಾಗಿ, ನಡುವೆ 15 ನಿಮಿಷ ಬಿಟ್ಟು. ತುಂಬು ಕೋಟಿನ ಥಿನ್ನರ್ ನೇರ ಪೊರೆಗೆ ಮುಟ್ಟಿದರೆ ನೋಡನೋಡುತ್ತಿದ್ದಂತೆ ಅಕ್ಷರ ಹಪ್ಪಳದಂತೆ ಸುಕ್ಕುಗಟ್ಟುತ್ತದೆ. ಅಡಿಯಲ್ಲಿ ಸಿಂಥೆಟಿಕ್ ಎನಾಮೆಲ್ ಇದ್ದರೆ ಅದರ ಮೇಲೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಅಥವಾ ಅಕ್ರಿಲಿಕ್ ಲ್ಯಾಕರ್ ಬೇಡವೇ ಬೇಡ, ಎನಾಮೆಲ್ಲೇ ಎದ್ದು ಬರುತ್ತದೆ. ಎನಾಮೆಲಿಗೆ ಎನಾಮೆಲ್ ಜಾತಿಯ ಕ್ಲಿಯರನ್ನೇ ಬಳಿಯಿರಿ. 2ಕೆ ಕ್ಲಿಯರ್ ಬೇಕೆಂದರೆ ಫ್ರೇಮಿನ ಪೇಂಟೂ 2ಕೆ ಜಾತಿಯದ್ದಾಗಿರಲಿ, ಕೆಲಸವನ್ನು ಪೇಂಟ್ ಬೂತ್ ಇರುವ ಗ್ಯಾರೇಜಿಗೆ ಕೊಡಿ. ಅದರ ಹಾರ್ಡ್‌ನರಿನಲ್ಲಿ ಐಸೋಸಯನೇಟ್ ಇರುತ್ತದೆ, ಮೂಗಿಗೆ ಕಟ್ಟಿದ ಕರವಸ್ತ್ರ ಅದನ್ನು ತಡೆಯುವುದಿಲ್ಲ, ಉಸಿರಾಟದ ರೋಗ ಹತ್ತಿಸುತ್ತದೆ. ಪೊರೆಯ ಅಂಚು ಬೆರಳಿಗೆ ಸಿಗಬಾರದೆಂದರೆ ನಾಲ್ಕು ಕೋಟಿನ ಮೇಲೆ 2000 ನಂಬರಿನಲ್ಲಿ ಮೆಲ್ಲಗೆ ಮಟ್ಟ ಮಾಡಿ ಮತ್ತೊಂದು ಕೋಟು. ಮೂರು ಕೋಟಿಗೇ ಉಜ್ಜಿದರೆ ವಾಟರ್ ಪೇಪರ್ ಮೊದಲು ತಿನ್ನುವುದು ಅಕ್ಷರದ ಅಂಚನ್ನೇ.

ಮೂಲ ಪೇಂಟು ಮುಕ್ಕಾಲು ಉಳಿದ ಸೈಕಲ್ಲನ್ನು ಕೆರೆಯದಿರುವುದೇ ಅದಕ್ಕೆ ತೋರುವ ಮರ್ಯಾದೆ. ಅಲ್ಲಿ ಅಳಿದ ಒಂದು ತುಂಡಿಗಷ್ಟೇ ಡೆಕಾಲ್ ಹಾಕಿ, ಅದರ ಮೇಲಷ್ಟೇ ವಾರ್ನಿಷ್ ತಾಗಿಸಿ. ಯಾವ ಬರಹ ಎಂಬುದೂ ಸತ್ಯವಾಗಿರಲಿ. 1949ರಲ್ಲಿ ಶುರುವಾದ ಟಿಐ ಸೈಕಲ್ಸ್ ಮದರಾಸಿನ ಅಂಬತ್ತೂರಿನಲ್ಲಿ ಹರ್ಕ್ಯುಲಿಸ್ ಮಾಡಿತು, ಸೆನ್-ರಾಲೆ ಅಸನ್ಸೋಲಿನಲ್ಲಿ ರಾಲೆ ಮಾಡಿತು. ಅಲ್ಲಿ ಹುಟ್ಟಿದ ಫ್ರೇಮಿಗೆ ಇಂಗ್ಲೆಂಡಿನ ಮೂಲ ಕಾರ್ಖಾನೆಗಳ ಊರಾದ ಬರ್ಮಿಂಗ್‌ಹ್ಯಾಮ್, ನಾಟಿಂಗ್‌ಹ್ಯಾಮ್ ಎಂದು ಅಂಟಿಸಿದರೆ ಬೆಲೆ ಏರಬಹುದು, ಆದರೆ ಆ ಸೈಕಲ್ಲಿನ ಊರು ಅಳಿದುಹೋಗುತ್ತದೆ. ನಿಮ್ಮ ಸ್ವಂತ ಸೈಕಲ್ಲಿಗೆ ಮಾಡಿಕೊಳ್ಳುವುದು ಒಂದು, ಕಂಪನಿಯ ಗುರುತನ್ನು ಅಚ್ಚು ಹಾಕಿ ಮಾರುವುದು ಬೇರೆ, ಅದಕ್ಕೆ ಟ್ರೇಡ್‌ಮಾರ್ಕ್ ಕಾನೂನು ಅಡ್ಡ ಬರುತ್ತದೆ. ಹೊಸದಾಗಿ ಮಾಡಿದ ಲಾಂಛನದ ಕೆಳ ಅಂಚಿನಲ್ಲಿ, ಹುಡುಕಿದರೆ ಮಾತ್ರ ಸಿಗುವಷ್ಟು ಸಣ್ಣದಾಗಿ, ಮಾಡಿದ ವರ್ಷವನ್ನು ಸೇರಿಸಿಡಿ. ಮುಂದೆ ಕೊಳ್ಳುವವರಿಗೆ ಯಾವುದು ಮೂಲ, ಯಾವುದು ಮರುಬರಹ ಎಂದು ತಿಳಿಯುತ್ತದೆ.

ಒಂದು ಹಾಳೆಯಲ್ಲಿ ಜಾಗ ಉಳಿದರೆ ಎರಡನೆಯ ಜೊತೆಯನ್ನೂ ಪ್ರಿಂಟ್ ಮಾಡಿ, ಲ್ಯಾಕರ್ ಹೊಡೆದು, ಸಿಲಿಕಾ ಜೆಲ್ ಜೊತೆ ಜಿಪ್ ಚೀಲಕ್ಕೆ ಹಾಕಿ. ಬಟರ್ ಪೇಪರಿನ ಮೂಲ ನಕಲು, ಲಗ್ಗಿನಿಂದ ಅಳೆದ ದೂರಗಳು, ಫ್ರೇಮ್ ನಂಬರ್ ಬರೆದ ಚೀಟಿ, ಕಂಪ್ಯೂಟರ್ ಕಡತದ ಹೆಸರು ಇಷ್ಟೂ ಅದೇ ಚೀಲದಲ್ಲಿರಲಿ. ಕ್ಲಿಯರ್ ಆರಿದ ಮೇಲೂ ಒಂದು ತಿಂಗಳು ಮೇಣ ಹಚ್ಚಬೇಡಿ. ಚೈನಿಗೆ ಎಣ್ಣೆ ಬಿಡುವಾಗ, ಸೀಮೆಎಣ್ಣೆಯಲ್ಲಿ ಹಬ್ ತೊಳೆಯುವಾಗ ಸೀಟಿನ ಪೈಪಿಗೊಂದು ಒಣಬಟ್ಟೆ ಸುತ್ತಿಕೊಳ್ಳಿ.